ಹೊಗೆ ನಿಂತ ಮೇಲಿನ ಕೆಂಡ

ಮಡಿಕೇರಿಯ ಸುತ್ತಮುತ್ತ ಮನೆ, ಹೋಂಸ್ಟೇಗಳಿಗೆ ಅಗ್ಗಿಷ್ಟಿಕೆ ಕಟ್ಟಿಕೊಡುವುದು, ಹಳೆಯ ಚಿಮಣಿ ದುರಸ್ತಿ ಮಾಡುವುದು ನನ್ನ ಕೆಲಸ. ಚಳಿ ಶುರುವಾಯಿತೆಂದರೆ ಫೋನಿನ ಮೇಲೆ ಫೋನು, ಎಲ್ಲರದೂ ಒಂದೇ ದೂರು: ಹೊಗೆ ಒಳಗೆ ಬರುತ್ತದೆ. ಅವರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಹೊಗೆ ಬಂದರೆ ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ, ಎದ್ದು ಕಿಟಕಿ ತೆರೆಯುತ್ತಾರೆ. ನನ್ನ ನಿದ್ದೆ ಕೆಡಿಸುವವರು ಬೇರೆ. ರಾತ್ರಿ ಉರಿ ಇಳಿದು ಕೆಂಡವಾದಾಗ 'ಹೊಗೆ ನಿಂತಿತಲ್ಲ, ಇನ್ನು ಕಾವು ಯಾಕೆ ಆಚೆ ಹೋಗಬೇಕು' ಎಂದು ಡ್ಯಾಂಪರ್, ಅಂದರೆ ಚಿಮಣಿಯ ಗಂಟಲಿನ ಕಬ್ಬಿಣದ ಹಲಗೆಯನ್ನು ಮುಚ್ಚಿ ಮಲಗುವವರು.

ಕೆಂಡವೆಂದರೆ ಉರಿಯುತ್ತಿರುವ ಇದ್ದಿಲು. ಅದಕ್ಕೆ ಸಾಕಷ್ಟು ಗಾಳಿ ಸಿಗದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ, ಮೈಗೆ ಆಮ್ಲಜನಕ ಸಾಲದಾಗುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಮಂಪರು. ನಿದ್ದೆಯಲ್ಲಿರುವವರಿಗೆ ಇದು ಯಾವುದೂ ತಿಳಿಯದೇ ಹೋಗಬಹುದು. 'ಅನಿಲ ಕೆಳಗೇ ಕೂರುತ್ತದೆ, ನಮ್ಮ ಮಂಚ ಎತ್ತರದಲ್ಲಿದೆ' ಎಂದು ವಾದಿಸಿದವರಿದ್ದಾರೆ. ಅದು ಗಾಳಿಯಷ್ಟೇ ಹಗುರ. ಕೋಣೆಯ ಮೂಲೆ ಮೂಲೆಗೂ ಬೆರೆಯುತ್ತದೆ.

ಇಷ್ಟು ಹೇಳಿದ ಮೇಲೆ ತಪ್ಪದೆ ಬರುವ ಮಾತು ಅಜ್ಜಿಯದು. 'ನಮ್ಮಜ್ಜಿ ಬಾಣಂತಿಯ ಮಂಚದ ಕೆಳಗೇ ಕೆಂಡ ಇಡುತ್ತಿದ್ದರು, ಯಾರಿಗೆ ಏನಾಯಿತು?' ಅಜ್ಜಿಯ ಮನೆಗೆ ಹೆಂಚಿನ ಮಾಡು ಇತ್ತು. ಹೆಂಚಿನ ಸಂದಿಯಲ್ಲಿ ನಕ್ಷತ್ರ ಕಾಣುತ್ತಿತ್ತು, ಬಾಗಿಲ ಕೆಳಗೆ ಬೆರಳು ತೂರುತ್ತಿತ್ತು. ನಿಮ್ಮದು ಕಾಂಕ್ರೀಟ್ ತಾರಸಿ, ರಬ್ಬರ್ ಅಂಚಿನ ಕಿಟಕಿ. ಅಜ್ಜಿಯ ಕೆಂಡವನ್ನು ತಂದಿರಿ, ಅಜ್ಜಿಯ ಮಾಡನ್ನು ತರಲಿಲ್ಲ. ಹಳೆಯ ಮನೆಗಳಲ್ಲೂ ಅದು ಅಪಾಯವಿಲ್ಲದ ರೂಢಿಯಾಗಿತ್ತೆಂದು ನಾನು ಹೇಳಲಾರೆ.

ಒಮ್ಮೆ ಡಿಸೆಂಬರಿನಲ್ಲಿ ಒಂದು ಹೋಂಸ್ಟೇಯ ಒಡತಿ ಬೆಳಿಗ್ಗೆಯೇ ಕರೆಸಿಕೊಂಡರು. ಅಲ್ಲಿ ಉಳಿದುಕೊಂಡಿದ್ದ ಗಂಡ, ಹೆಂಡತಿ, ಪುಟ್ಟ ಮಗಳು, ಮೂವರಿಗೂ ತಲೆ ಸಿಡಿಯುವ ನೋವು, ವಾಂತಿ. ಹಂದಿಮಾಂಸದ ಸಾರು ಒಗ್ಗಲಿಲ್ಲವೆಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಆದರೆ ಮಗು ಹಾಲು ಅನ್ನ ಬಿಟ್ಟು ಬೇರೇನೂ ತಿಂದಿರಲಿಲ್ಲ. ಒಡತಿಗೆ ಅನುಮಾನ ಬಂದದ್ದೇ ಅಲ್ಲಿ. ಕೋಣೆಗೆ ಹೋಗಿ ನೋಡಿದೆ. ಚಳಿಗಾಳಿ ನುಗ್ಗಬಾರದೆಂದು ಬಾಗಿಲ ಸಂದಿಗೆ ಟವೆಲ್ ತುರುಕಿದ್ದರು, ಅದು ಇನ್ನೂ ಹೊಸ್ತಿಲ ಬಳಿಯೇ ಬಿದ್ದಿತ್ತು. ಡ್ಯಾಂಪರ್ ಪೂರ್ತಿ ಮುಚ್ಚಿತ್ತು. ಒಲೆಯಲ್ಲಿ ಬರೀ ತಣ್ಣನೆಯ ಬೂದಿಯಂತೆ ಕಾಣುತ್ತಿತ್ತು. ಸಲಾಕೆಯಿಂದ ಕೆದಕಿದರೆ ಕೆಳಗೆ ದಾಳಿಂಬೆ ಕಾಳಿನಂಥ ಕೆಂಪು. ನಡುರಾತ್ರಿ ಮಗು ಅಳುತ್ತಾ ಎದ್ದು, ತಾಯಿ ಅದನ್ನು ಎತ್ತಿಕೊಂಡು ಬಾಗಿಲು ತೆರೆದು ಜಗಲಿಗೆ ಬಂದಿದ್ದರಂತೆ. ಆಮೇಲೆ ಬಾಗಿಲು ಸರಿಯಾಗಿ ಹಾಕಿಕೊಳ್ಳಲಿಲ್ಲ. ಮೂವರನ್ನೂ ಕೂಡಲೇ ಆಸ್ಪತ್ರೆಗೆ ಕಳುಹಿಸಿದೆವು, ಸಂಜೆಗೆ ಚೇತರಿಸಿಕೊಂಡರು. ಆ ಮಗುವನ್ನು ನೆನೆದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ.

ಕಟ್ಟಿಗೆ ಒಣಗಿರಬೇಕು, ಮಳೆಗಾಲ ಕಳೆದ ಮೇಲೆ ಚಿಮಣಿಯ ಇಲ್ಲಣ ತೆಗೆಸಬೇಕು, ಹಕ್ಕಿಗೂಡು, ಜೇನುಗೂಡು ಇದೆಯೇ ನೋಡಿಸಬೇಕು. ಇದು ನಿಮಗೆ ಗೊತ್ತಿರುವುದೇ. ಡ್ಯಾಂಪರಿನದು ಮಾತ್ರ ಮತ್ತೆ ಹೇಳುತ್ತೇನೆ: ರಾತ್ರಿ ಅದನ್ನು ಮುಚ್ಚುವಂತಿಲ್ಲ. ಬೆಳಿಗ್ಗೆ ಬೂದಿಯನ್ನು ತಳದವರೆಗೆ ಮಗುಚಿ, ಎಲ್ಲೂ ಕೆಂಪಿಲ್ಲ, ಬಿಸಿಯಿಲ್ಲ ಎಂದು ಖಾತ್ರಿಯಾದ ಮೇಲೆ ಮುಚ್ಚಿ. ಬೆಂಕಿ ಇರುವಷ್ಟು ಹೊತ್ತು ಒಂದು ಕಿಟಕಿ ನಾಲ್ಕು ಬೆರಳು ತೆರೆದಿರಲಿ. ಒಳಗೆ ಗಾಳಿಯೇ ಬಾರದಿದ್ದರೆ ಚಿಮಣಿ ಏನನ್ನು ಎಳೆಯಬೇಕು? ಕೆಂಡವನ್ನು ಬಾಂಡಲಿಗೆ ತುಂಬಿ ಮಲಗುವ ಕೋಣೆಗೆ ಒಯ್ಯುವುದಂತೂ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡ್ ಪತ್ತೆ ಮಾಡಿ ಕೂಗುವ ಅಲಾರಂ ಸಿಗುತ್ತದೆ, ಹಾಕಿಸಿ. ಆದರೆ ಅದಿದೆಯೆಂಬ ಧೈರ್ಯದಲ್ಲಿ ಹಲಗೆ ಮುಚ್ಚಬೇಡಿ. ಬ್ಯಾಟರಿ ಯಾವಾಗ ಮುಗಿಯುತ್ತದೋ ಯಾರು ಬಲ್ಲರು. ತಲೆನೋವು, ವಾಕರಿಕೆ ಕಂಡರೆ ಮೊದಲು ಎಲ್ಲರೂ ಹೊರಗೆ ಬನ್ನಿ, ಆಮೇಲೆ ವೈದ್ಯರಲ್ಲಿಗೆ. ಚಿಕಿತ್ಸೆಯ ಮಾತು ಅವರದು, ನನ್ನದಲ್ಲ.

ಅಂದೇ ಆ ಹೋಂಸ್ಟೇಯ ಡ್ಯಾಂಪರನ್ನು ಬಿಚ್ಚಿ ಹಲಗೆಯ ಒಂದು ಮೂಲೆ ಕತ್ತರಿಸಿದೆ. ಮುಚ್ಚಿದರೂ ನಡೆಯುತ್ತದೆ ಎಂದಲ್ಲ, ಮರೆತು ಎಳೆದುಬಿಟ್ಟರೆ ಗಂಟಲು ಪೂರ್ತಿ ಕಟ್ಟದಿರಲಿ ಎಂದು. ಒಡತಿ ಪಕ್ಕದಲ್ಲೇ ನಿಂತು ನೋಡುತ್ತಿದ್ದರು.

"ಕಾವೆಲ್ಲ ಆಚೆ ಹೋಗುತ್ತದಲ್ಲ ಸಾರ್?"

"ಹೋಗಲಿ ಅಕ್ಕ. ಇನ್ನೊಂದೊಂದು ಕಂಬಳಿ ಕೊಡಿ."