ಫ್ರೆಗೆಝಿಯಾ: ಪೋರ್ಚುಗಲ್ಲಿನ ಸ್ಥಳೀಯ ಆಡಳಿತದ ಅತಿ ಚಿಕ್ಕ ಘಟಕ

ಪೋರ್ಚುಗಲ್ಲಿನ ಸ್ಥಳೀಯ ಆಡಳಿತದಲ್ಲಿ ಎಲ್ಲಕ್ಕಿಂತ ಕೆಳಹಂತದ, ಜನರಿಗೆ ಎಲ್ಲಕ್ಕಿಂತ ಹತ್ತಿರದ ಘಟಕಕ್ಕೆ ಫ್ರೆಗೆಝಿಯಾ ಎಂದು ಹೆಸರು. ಆ ದೇಶದಲ್ಲಿ 308 ಮುನಿಸಿಪಾಲಿಟಿಗಳಿವೆ. ಅವುಗಳಲ್ಲಿ 278 ಮುಖ್ಯ ಭೂಭಾಗದಲ್ಲಿಯೂ 19 ಅಜೋರ್ಸ್ ದ್ವೀಪಗಳಲ್ಲಿಯೂ 11 ಮಡೇರಾದಲ್ಲಿಯೂ ಇವೆ. ಪ್ರತಿ ಮುನಿಸಿಪಾಲಿಟಿಯ ಒಳಗೆ ಒಂದೋ ಹಲವೋ ಫ್ರೆಗೆಝಿಯಾಗಳಿರುತ್ತವೆ. ಅಜೋರ್ಸ್‌ನ ಕೋರ್ವು ಮಾತ್ರ ಇದಕ್ಕೆ ಹೊರತು: ಸುಮಾರು 400 ಜನರಷ್ಟೇ ವಾಸಿಸುವ ಆ ಪುಟ್ಟ ದ್ವೀಪದಲ್ಲಿ ಫ್ರೆಗೆಝಿಯಾದ ಕೆಲಸವನ್ನೂ ಮುನಿಸಿಪಾಲಿಟಿಯೇ ಮಾಡುತ್ತದೆ.

ಇದನ್ನು ಮುನಿಸಿಪಾಲಿಟಿಯ ಒಂದು ವಾರ್ಡ್ ಎಂದೋ ಶಾಖಾ ಕಚೇರಿ ಎಂದೋ ತಿಳಿಯುವುದು ಸರಿಯಲ್ಲ. 1976ರ ಸಂವಿಧಾನವು ಮುಖ್ಯ ಭೂಭಾಗಕ್ಕೆ ಮೂರು ಬಗೆಯ ಸ್ಥಳೀಯ ಸಂಸ್ಥೆಗಳನ್ನು ಹೇಳುತ್ತದೆ: ಫ್ರೆಗೆಝಿಯಾ, ಮುನಿಸಿಪಾಲಿಟಿ ಮತ್ತು ಆಡಳಿತ ಪ್ರದೇಶ. ಮೂರನೆಯದು ಇಂದಿಗೂ ಕಾಗದದ ಮೇಲೆಯೇ ಉಳಿದಿದೆ. 1998ರ ಜನಮತಗಣನೆಯಲ್ಲಿ ಮತದಾರರು ಅದನ್ನು ತಿರಸ್ಕರಿಸಿದರು. ಹೀಗಾಗಿ ವಾಸ್ತವದಲ್ಲಿ ಇರುವ ಎರಡು ಹಂತಗಳಲ್ಲಿ ಫ್ರೆಗೆಝಿಯಾ ಒಂದು. ಅದಕ್ಕೆ ತನ್ನದೇ ಚುನಾಯಿತ ಸಭೆ, ತನ್ನದೇ ಆಯವ್ಯಯ, ತನ್ನದೇ ಆಸ್ತಿಪಾಸ್ತಿ ಇವೆ. ಅದು ಹಳ್ಳಿಗಾಡಿಗೆ ಸೀಮಿತವಾದ ಏರ್ಪಾಡೂ ಅಲ್ಲ, ರಾಜಧಾನಿ ಲಿಸ್ಬನ್ ನಗರದ ನಟ್ಟನಡುವೆಯೂ ಫ್ರೆಗೆಝಿಯಾಗಳಿವೆ.

ಹೆಸರಿನ ಮೂಲ ಧಾರ್ಮಿಕವಾದದ್ದು. ಒಂದು ಇಗರ್ಜಿಯ ಸುತ್ತ ನೆಲೆಸಿ, ಅಲ್ಲಿಯೇ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಮಾಡಿಸಿಕೊಳ್ಳುವ ಜನಸಮುದಾಯವನ್ನು ಈ ಪದ ಸೂಚಿಸುತ್ತಿತ್ತು. ಮಂಗಳೂರು ಸೀಮೆಯ ಕೊಂಕಣಿ ಕ್ಯಾಥೊಲಿಕರು ತಮ್ಮ ಇಗರ್ಜಿಯ ವ್ಯಾಪ್ತಿಯನ್ನು ಇಂದಿಗೂ ‘ಫಿರ್ಗಜ್’ ಎನ್ನುತ್ತಾರೆ. ಅದೂ ಈ ಪದದ್ದೇ ರೂಪ, ಮತ್ತು ಕರಾವಳಿಯಲ್ಲಿ ಅದರ ಹಳೆಯ ಅರ್ಥವೇ ಉಳಿದಿದೆ. ಪೋರ್ಚುಗಲ್ಲಿನಲ್ಲಿ ಮಾತ್ರ 19ನೆಯ ಶತಮಾನದ ಉದಾರವಾದಿ ಸುಧಾರಣೆಗಳ ಕಾಲದಿಂದ ಇದೇ ಗಡಿಗಳ ಮೇಲೆ ನಾಗರಿಕ ಆಡಳಿತವೊಂದು ನಿಧಾನವಾಗಿ ಬೆಳೆಯಿತು. 1910ರಲ್ಲಿ ಅರಸೊತ್ತಿಗೆ ಹೋಗಿ ಗಣರಾಜ್ಯ ಬಂತು; 1911ರಲ್ಲಿ ಧರ್ಮಪೀಠವನ್ನೂ ಪ್ರಭುತ್ವವನ್ನೂ ಬೇರ್ಪಡಿಸುವ ಕಾನೂನಾಯಿತು; 1916ರ ಕಾನೂನು ‘ನಾಗರಿಕ ಪ್ಯಾರಿಷ್’ ಎಂಬ ಹೆಸರನ್ನು ತೆಗೆದು ಆಡಳಿತ ಘಟಕಕ್ಕೆ ಫ್ರೆಗೆಝಿಯಾ ಎಂಬ ಹೆಸರನ್ನೇ ಗೊತ್ತುಪಡಿಸಿತು. ಧರ್ಮಗುರುವಿಗೆ ಇಂದು ಅದರ ಆಡಳಿತದಲ್ಲಿ ಯಾವ ಸ್ಥಾನವೂ ಇಲ್ಲ. ಆದರೂ ಸಂತರ ಹೆಸರುಗಳು ಹಾಗೆಯೇ ಇವೆ, ಅನೇಕ ಕಡೆ ಗಡಿಗಳೂ ಹಳೆಯವೇ.

ಆಡಳಿತಕ್ಕೆ ಎರಡು ಅಂಗಗಳಿವೆ. ಜನರು ನಾಲ್ಕು ವರ್ಷಗಳಿಗೊಮ್ಮೆ ನೇರವಾಗಿ ಆರಿಸುವುದು ಫ್ರೆಗೆಝಿಯಾ ಸಭೆಯನ್ನು. ಸ್ಥಾನಗಳು ಮತಗಳ ಪ್ರಮಾಣಕ್ಕೆ ಅನುಗುಣವಾಗಿ ಹಂಚಿಕೆಯಾಗುತ್ತವೆ. ಮತದಾರರು 1,000ಕ್ಕಿಂತ ಹೆಚ್ಚಿಲ್ಲದಿದ್ದರೆ ಸಭೆಯಲ್ಲಿ 7 ಸದಸ್ಯರು, 5,000ದವರೆಗೆ 9, 20,000ದವರೆಗೆ 13, ಅದಕ್ಕೂ ಮೇಲಾದರೆ 19 ಅಥವಾ ಹೆಚ್ಚು. ಕಾರ್ಯಾಂಗಕ್ಕೆ ಜುಂತಾ ಎಂದು ಹೆಸರು. ಅತಿ ಹೆಚ್ಚು ಮತ ಪಡೆದ ಅಭ್ಯರ್ಥಿಪಟ್ಟಿಯ ಮೊದಲ ಹೆಸರಿನವರು ತಾವಾಗಿಯೇ ಜುಂತಾದ ಅಧ್ಯಕ್ಷರಾಗುತ್ತಾರೆ. ಉಳಿದವರನ್ನು ಅಧ್ಯಕ್ಷರ ಸಲಹೆಯ ಮೇರೆಗೆ ಸಭೆ ಆರಿಸುತ್ತದೆ. ಈ ಅಧ್ಯಕ್ಷರಿಗೆ ಮುನಿಸಿಪಲ್ ಸಭೆಯಲ್ಲಿಯೂ ಪದನಿಮಿತ್ತ ಸದಸ್ಯತ್ವವಿದೆ. ಕೆಳಗಿನ ಹಂತದ ದನಿ ಮೇಲಿನ ಹಂತದಲ್ಲಿ ಮತದ ಬಲದೊಂದಿಗೆ ಕೇಳಿಸುವಂತೆ ಮಾಡಿರುವ ಈ ಏರ್ಪಾಡು ಇಡೀ ವ್ಯವಸ್ಥೆಯ ಅತ್ಯಂತ ವಿವೇಕದ ಅಂಶ ಎಂದು ನನಗೆ ತೋರುತ್ತದೆ.

ಮತದಾರರ ಸಂಖ್ಯೆ 150 ಅಥವಾ ಅದಕ್ಕಿಂತ ಕಡಿಮೆ ಇರುವ ಕಡೆ ಚುನಾಯಿತ ಸಭೆಯೇ ಇರುವುದಿಲ್ಲ. ಅಲ್ಲಿ ಮತದಾರರೆಲ್ಲರೂ ಸೇರಿದ ಮಹಾಸಭೆಯೇ ಸಭೆಯ ಅಧಿಕಾರವನ್ನು ಚಲಾಯಿಸುತ್ತದೆ, ಜುಂತಾವನ್ನು ಆರಿಸುತ್ತದೆ, ಲೆಕ್ಕಪತ್ರಕ್ಕೆ ಒಪ್ಪಿಗೆ ಕೊಡುತ್ತದೆ. ಕನಿಷ್ಠ ಶೇ. 10ರಷ್ಟು ಮತದಾರರು ಹಾಜರಿದ್ದರೆ ಮಾತ್ರ ಅದರ ತೀರ್ಮಾನಕ್ಕೆ ಬೆಲೆ. ಯುವಜನರು ಕರಾವಳಿಯ ನಗರಗಳಿಗೂ ಹೊರದೇಶಗಳಿಗೂ ಹೋಗಿ ವೃದ್ಧರೇ ಹೆಚ್ಚಾಗಿ ಉಳಿದಿರುವ ಒಳನಾಡಿನ ಊರುಗಳಿಗೆ ಈ ನಿಯಮ ಬಹಳ ಮುಖ್ಯವಾದದ್ದು, ಏಕೆಂದರೆ ಜನ ಕಡಿಮೆಯಾದ ಮಾತ್ರಕ್ಕೆ ಸ್ವಂತ ಆಡಳಿತದ ಹಕ್ಕು ತಪ್ಪಿಹೋಗದಂತೆ ಅದು ನೋಡಿಕೊಳ್ಳುತ್ತದೆ.

ಜುಂತಾದ ಕೆಲಸಗಳು ದಿನನಿತ್ಯದವು: ಸ್ಮಶಾನ, ಸಾರ್ವಜನಿಕ ನೀರಿನ ಚಿಲುಮೆ, ಬಟ್ಟೆ ಒಗೆಯುವ ಹಳೆಯ ಸಾರ್ವಜನಿಕ ಕಟ್ಟೆ, ಉದ್ಯಾನ, ಕಾಲುದಾರಿ, ಸಂತೆಗಳ ನಿರ್ವಹಣೆ, ಸಾಕುನಾಯಿಗಳ ಪರವಾನಗಿ, ವೃದ್ಧರಿಗೆ ನೆರವು. ಇವೆಲ್ಲಕ್ಕಿಂತ ಈ ಸಂಸ್ಥೆಯ ಸ್ವಭಾವವನ್ನು ಚೆನ್ನಾಗಿ ತಿಳಿಸುವುದು ಅದು ಕೊಡುವ ವಾಸ ದೃಢೀಕರಣ ಪತ್ರ. ಒಬ್ಬ ವ್ಯಕ್ತಿ ತಾನು ಇಂಥ ಬೀದಿಯಲ್ಲಿ ವಾಸವಾಗಿದ್ದೇನೆ, ಅಥವಾ ತಾನು ಜೀವಂತವಾಗಿದ್ದೇನೆ ಎಂಬ ಪತ್ರವನ್ನು ಕೇಳಿಕೊಂಡು ಜುಂತಾದ ಕಚೇರಿಗೆ ಬಂದರೆ ಅದಕ್ಕೆ ಸಾಕ್ಷ್ಯವೇನು? 1999ರ ಕಾನೂನಿನ ಪ್ರಕಾರ ಜುಂತಾದ ಅಥವಾ ಸಭೆಯ ಯಾರೇ ಒಬ್ಬ ಸದಸ್ಯರಿಗೆ ಆ ಸಂಗತಿ ನೇರವಾಗಿ ಗೊತ್ತಿದ್ದರೆ ಸಾಕು. ಹಾಗಿಲ್ಲದಿದ್ದರೆ ಅದೇ ಫ್ರೆಗೆಝಿಯಾದ ಮತದಾರರ ಪಟ್ಟಿಯಲ್ಲಿರುವ ಇಬ್ಬರು ಬಾಯಿಮಾತಿನಲ್ಲಾಗಲಿ ಬರಹದಲ್ಲಾಗಲಿ ಸಾಕ್ಷಿ ಹೇಳಬಹುದು. ಅಂದರೆ ನೆರೆಹೊರೆಯವರ ಪರಸ್ಪರ ಪರಿಚಯವನ್ನು ಕಾನೂನು ಪುರಾವೆಯಾಗಿ ಸ್ವೀಕರಿಸುತ್ತದೆ. ಘಟಕ ಚಿಕ್ಕದಾಗಿ, ಚುನಾಯಿತರಿಗೆ ಜನರ ಮುಖಪರಿಚಯ ಇದ್ದಾಗ ಮಾತ್ರ ಇಂಥ ನಿಯಮಕ್ಕೆ ಅರ್ಥವಿರುತ್ತದೆ. ಹೊಸದಾಗಿ ದೇಶಕ್ಕೆ ಬಂದ ವಲಸಿಗರಿಗೂ ಸರಕಾರದೊಂದಿಗಿನ ಮೊದಲ ವ್ಯವಹಾರ ಹಲವು ಬಾರಿ ಈ ಪತ್ರಕ್ಕಾಗಿಯೇ ನಡೆಯುತ್ತದೆ.

ಹಣದ ವಿಷಯದಲ್ಲಿ ಮಾತ್ರ ಫ್ರೆಗೆಝಿಯಾ ದುರ್ಬಲ. ಕೃಷಿಭೂಮಿಯಂಥ ಗ್ರಾಮೀಣ ಆಸ್ತಿಗಳ ಮೇಲಿನ ತೆರಿಗೆಯ ಉತ್ಪತ್ತಿ ಅದಕ್ಕೆ ಸೇರುತ್ತದೆ, ಆದರೆ ನಿಜವಾಗಿ ಹಣ ತರುವ ಕಟ್ಟಡಗಳ ತೆರಿಗೆಯಲ್ಲಿ ಅದರ ಪಾಲು ಶೇ. 1 ಮಾತ್ರ. ಉಳಿದದ್ದಕ್ಕೆ ಕೇಂದ್ರ ಸರಕಾರದ ಫ್ರೆಗೆಝಿಯಾ ನಿಧಿಯನ್ನೂ ಮುನಿಸಿಪಾಲಿಟಿಯೊಂದಿಗಿನ ಒಪ್ಪಂದಗಳನ್ನೂ ನೆಚ್ಚಿಕೊಳ್ಳಬೇಕು.

ಗಾತ್ರದಲ್ಲಿ ಇವುಗಳ ನಡುವೆ ಅಜಗಜಾಂತರ ವ್ಯತ್ಯಾಸವಿದೆ. ಸಿಂತ್ರಾ ಮುನಿಸಿಪಾಲಿಟಿಯ ಅಲ್ಗೈರಾವ್–ಮೆಂ ಮಾರ್ಟಿನ್ಸ್ ಎಂಬ ಒಂದೇ ಫ್ರೆಗೆಝಿಯಾದಲ್ಲಿ 60,000ಕ್ಕೂ ಹೆಚ್ಚು ಜನರಿದ್ದಾರೆ; ಉತ್ತರದ ಬಾರ್ಸೆಲುಸ್ ಮುನಿಸಿಪಾಲಿಟಿಯಲ್ಲಿ 2013ಕ್ಕೆ ಮುಂಚೆ 89 ಫ್ರೆಗೆಝಿಯಾಗಳಿದ್ದವು. ಈ ಅಸಮತೆಯೇ ಮುಂದೆ ದೊಡ್ಡ ವಿವಾದಕ್ಕೆ ಕಾರಣವಾಯಿತು.

2011ರಲ್ಲಿ ಸಾಲದ ಬಿಕ್ಕಟ್ಟಿಗೆ ಸಿಲುಕಿದ ಪೋರ್ಚುಗಲ್, ಯುರೋಪಿಯನ್ ಕಮಿಷನ್, ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಮತ್ತು ಐಎಂಎಫ್‌ನಿಂದ ನೆರವು ಪಡೆಯಲು ಒಪ್ಪಂದ ಮಾಡಿಕೊಂಡಿತು. ಸ್ಥಳೀಯ ಸಂಸ್ಥೆಗಳ ಸಂಖ್ಯೆಯನ್ನು ಗಣನೀಯವಾಗಿ ಇಳಿಸಬೇಕೆಂಬುದು ಅದರ ಷರತ್ತುಗಳಲ್ಲಿ ಒಂದಾಗಿತ್ತು. 308 ಮುನಿಸಿಪಾಲಿಟಿಗಳಲ್ಲಿ ಒಂದನ್ನೂ ಮುಟ್ಟಲಿಲ್ಲ; ಹೊರೆಯೆಲ್ಲ ಕೆಳಗಿನ ಹಂತದ ಮೇಲೆ ಬಿತ್ತು. 2013ರಲ್ಲಿ 4,200ಕ್ಕೂ ಹೆಚ್ಚಿದ್ದ ಫ್ರೆಗೆಝಿಯಾಗಳು 3,092ಕ್ಕೆ ಇಳಿದವು. ಲಿಸ್ಬನ್‌ನಲ್ಲಿ ಅದಕ್ಕೆಂದೇ ಮಾಡಿದ ಪ್ರತ್ಯೇಕ ಕಾನೂನಿನ ಮೂಲಕ 53 ಇದ್ದದ್ದು 24 ಆಯಿತು, ಪೋರ್ಟೊದಲ್ಲಿ 15 ಇದ್ದದ್ದು 7. ಲಿಸ್ಬನ್‌ನ ವಿಲೀನವನ್ನು ನಾನು ತಪ್ಪೆನ್ನಲಾರೆ: ಕೆಲವೇ ನೂರು ನಿವಾಸಿಗಳಿದ್ದ ಮಾರ್ಟಿರಿಸ್‌ನಂಥ ಹಳೆಯ ನಗರಭಾಗದ 12 ಫ್ರೆಗೆಝಿಯಾಗಳು ಸೇರಿ ಸಾಂತಾ ಮರೀಯಾ ಮಯೋರ್ ಆದವು, ಜೊತೆಗೆ ಹೊಸ ಫ್ರೆಗೆಝಿಯಾಗಳಿಗೆ ಹೆಚ್ಚಿನ ಅಧಿಕಾರವೂ ಹಣವೂ ದೊರೆತವು. 1998ರ ವಿಶ್ವ ಪ್ರದರ್ಶನ ನಡೆದ ನದೀದಂಡೆಗೆ ಪಾರ್ಕ್ ದಾಸ್ ನಸೋಯಿಸ್ ಎಂಬ ಹೊಚ್ಚ ಹೊಸ ಫ್ರೆಗೆಝಿಯಾ ಕೂಡ ಸಿಕ್ಕಿತು.

ಹಳ್ಳಿಗಾಡಿನಲ್ಲಿ ಆದದ್ದೇ ಬೇರೆ. ಒಂದಕ್ಕೊಂದು ದೂರವಿದ್ದ ಊರುಗಳನ್ನು ಸೇರಿಸಿ ‘ಫ್ರೆಗೆಝಿಯಾಗಳ ಒಕ್ಕೂಟ’ ಎಂದು ಹೆಸರಿಟ್ಟು, ಹಳೆಯ ಹೆಸರುಗಳನ್ನೆಲ್ಲ ಸಾಲಾಗಿ ಜೋಡಿಸಿದರು. ಪೋರ್ಟೊ ನಗರದಲ್ಲಿಯೇ ಆರು ಹೆಸರುಗಳನ್ನು ಹೊತ್ತ ಒಕ್ಕೂಟವೊಂದಿದೆ. ಬಸ್ಸಿನ ಸೌಕರ್ಯವಿಲ್ಲದ ವೃದ್ಧರಿಗೆ ಕಚೇರಿ ಪಕ್ಕದೂರಿನ ಪಾಲಾಯಿತೆಂದರೆ ಅದು ಸಣ್ಣ ತೊಂದರೆಯಲ್ಲ. ಶಾಲೆ, ಅಂಚೆ ಕಚೇರಿಗಳು ಆಗಲೇ ಮುಚ್ಚಿಹೋಗಿದ್ದ ಕಡೆ ಸರಕಾರದ ಕೊನೆಯ ಬಾಗಿಲು ಅದೊಂದೇ ಆಗಿತ್ತು. ದೇಶದ ಒಟ್ಟು ಸರಕಾರಿ ವೆಚ್ಚದಲ್ಲಿ ಫ್ರೆಗೆಝಿಯಾಗಳ ಪಾಲು ಅತ್ಯಲ್ಪವಾದ್ದರಿಂದ ವಿಲೀನದಿಂದ ಬರಬಹುದಾದ ಉಳಿತಾಯವೂ ಅಷ್ಟಕ್ಕಷ್ಟೇ.

ವಿರೋಧ ತಣ್ಣಗಾಗಲಿಲ್ಲ. ವಿಲೀನಗೊಂಡ ಊರುಗಳು ಮತ್ತೆ ಬೇರೆಯಾಗಲು 2021ರ ಕಾನೂನು ದಾರಿ ಮಾಡಿಕೊಟ್ಟಿತು. ಸಂಸತ್ತು 2025ರ ಜನವರಿಯಲ್ಲಿ ಒಪ್ಪಿದ ಮಸೂದೆಯನ್ನು ಆಗಿನ ರಾಷ್ಟ್ರಾಧ್ಯಕ್ಷ ಮಾರ್ಸೆಲು ರೆಬೆಲು ದ ಸೌಝಾ ಫೆಬ್ರುವರಿಯಲ್ಲಿ ಹಿಂದಕ್ಕೆ ಕಳುಹಿಸಿದರು; ಮಾರ್ಚ್‌ನಲ್ಲಿ ಸಂಸತ್ತು ಅದನ್ನು ಪುನಃ ಅಂಗೀಕರಿಸಿತು. ಅದರಂತೆ 135 ಒಕ್ಕೂಟಗಳು ಬಿಡಿಬಿಡಿಯಾಗಿ 302 ಫ್ರೆಗೆಝಿಯಾಗಳು ಮರುಹುಟ್ಟು ಪಡೆದವು. ಒಂದಾಗಿದ್ದ ಆಸ್ತಿ, ಸಿಬ್ಬಂದಿ, ಸಾಲಗಳನ್ನು ಊರುಗಳು ಮತ್ತೆ ಹಂಚಿಕೊಳ್ಳಬೇಕಾಯಿತು, ಮತ್ತು 2025ರ ಅಕ್ಟೋಬರ್ 12ರ ಸ್ಥಳೀಯ ಚುನಾವಣೆಯಲ್ಲಿ ಅವು ತಮ್ಮ ತಮ್ಮ ಸಭೆಗಳನ್ನು ಪ್ರತ್ಯೇಕವಾಗಿ ಆರಿಸಿಕೊಂಡವು. ಲಿಸ್ಬನ್‌ನ 24ರ ನಕ್ಷೆಯನ್ನು ಈ ಕಾನೂನು ಮುಟ್ಟಿಲ್ಲ. 2013ರ ಇತರ ಹಲವು ಒಕ್ಕೂಟಗಳೂ ಹಾಗೆಯೇ ಮುಂದುವರಿದಿವೆ.