ತೊಂದರೆ ಮಗನದು, ಟ್ರೈನಿಂಗ್ ನಮಗೇಕೆ?

ಪ್ರಶ್ನೆ: ನಮ್ಮ 5 ವರ್ಷದ ಮಗನಿಗೆ ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿ ಚಡಪಡಿಕೆಯ ತೊಂದರೆ) ಇದೆ ಎಂದು ಡಾಕ್ಟರ್ ಹೇಳಿದ್ದಾರೆ. ಬಿಹೇವಿಯರ್ ಥೆರಪಿಗೆ ಕಳಿಸಿದರು. ಅಲ್ಲಿ ನೋಡಿದರೆ ಅವನಿಗಿಂತ ನಮ್ಮನ್ನೇ ಜಾಸ್ತಿ ಕೂರಿಸಿಕೊಂಡು ಪಾಠ ಮಾಡುತ್ತಾರೆ. ಹಾಗಾದರೆ ನಾವು ಬೆಳೆಸಿದ್ದೇ ತಪ್ಪಾ?

ಉತ್ತರ: ತಪ್ಪಲ್ಲ. ಎಡಿಎಚ್‌ಡಿ ಬಹುಪಾಲು ವಂಶದಲ್ಲೇ ಹರಿದು ಬರುತ್ತದೆ. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಮೆಂಟಲ್ ಹೆಲ್ತ್‌ನವರು 2007ರಲ್ಲಿ ಎಡಿಎಚ್‌ಡಿ ಇರುವ ಮತ್ತು ಇಲ್ಲದ ಮಕ್ಕಳ ಮಿದುಳಿನ ಸ್ಕ್ಯಾನ್‌ಗಳನ್ನು ಹೋಲಿಸಿ ನೋಡಿದ್ದರು. ಮಿದುಳಿನ ಹೊರಪದರದ ಬೆಳವಣಿಗೆ ಎಡಿಎಚ್‌ಡಿ ಇರುವವರಲ್ಲಿ ಸುಮಾರು 3 ವರ್ಷ ಹಿಂದೆ ಇತ್ತು. ಮುದ್ದು ಮಾಡಿದ್ದಕ್ಕೋ ಗದರಿದ್ದಕ್ಕೋ ಹೀಗಾಗುವುದಿಲ್ಲ.

ಮತ್ತೆ ನಿಮ್ಮನ್ನು ಯಾಕೆ ಕೂರಿಸುತ್ತಾರೆ? ನಿಮ್ಮ ಮಗನನ್ನು ಕೇಳಿ ನೋಡಿ, ಮನೆಯ ನಿಯಮಗಳನ್ನೆಲ್ಲ ಪಟಪಟ ಹೇಳಿಬಿಡುತ್ತಾನೆ. ಅವನಿಗೆ ಗೊತ್ತಿಲ್ಲದ್ದು ಏನೂ ಇಲ್ಲ. ಗೊತ್ತಿರುವುದು ಆ ಕ್ಷಣದಲ್ಲಿ ಕೈಗೆ ಬರುವುದಿಲ್ಲ, ಅಷ್ಟೇ. ಭಾನುವಾರ ಸಿಗುವ ಬಹುಮಾನಕ್ಕಾಗಿ ಸೋಮವಾರ ಸುಮ್ಮನೆ ಕೂರುವುದು ಇಂಥ ಮಗುವಿಗೆ ಆಗದ ಮಾತು. ಮೆಚ್ಚುಗೆಯಾಗಲಿ, ತಡೆಯಾಗಲಿ, ಅಲ್ಲೇ ಆಗಲೇ ಸಿಗಬೇಕು. ಆ ಹೊತ್ತಿಗೆ ಪಕ್ಕದಲ್ಲಿ ಇರುವವರು ನೀವು, ಥೆರಪಿಸ್ಟ್ ಅಲ್ಲ. ಹೊಸ ಜಾಗ, ಒಬ್ಬರ ಪೂರ್ತಿ ಗಮನ ಸಿಕ್ಕಿದರೆ ಎಷ್ಟೋ ಮಕ್ಕಳು ಅಲ್ಲಿ ಚೆನ್ನಾಗಿಯೇ ಕೂರುತ್ತಾರೆ. ಮನೆಗೆ ಬಂದ ಮೇಲೆ ಮತ್ತೆ ಅದೇ ಕಥೆ. ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2019ರ ಮಾರ್ಗಸೂಚಿಯಲ್ಲಿ 4ರಿಂದ 6 ವರ್ಷದೊಳಗಿನ ಮಕ್ಕಳಿಗೆ ಮಾತ್ರೆಗಿಂತ ಮೊದಲು ಪೋಷಕರ ತರಬೇತಿಯನ್ನು ಇಟ್ಟಿರುವುದು ಸುಮ್ನೆ ಅಲ್ಲ.

ಶಿಸ್ತಿನ ವಿಷಯ ಮೊದಲ ವಾರಗಳಲ್ಲಿ ಸಾಮಾನ್ಯವಾಗಿ ಬರುವುದೇ ಇಲ್ಲ. ದಿನಾ ಸ್ವಲ್ಪ ಹೊತ್ತು ಮಗುವಿನ ಜೊತೆ ಆಡಿ ಎನ್ನುತ್ತಾರೆ. ಪ್ರಶ್ನೆ ಕೇಳಬಾರದು, ಅಪ್ಪಣೆ ಕೊಡಬಾರದು, ತಿದ್ದಬಾರದು. ‘ಕೆಂಪು ಬ್ಲಾಕ್ ಮೇಲೆ ನೀಲಿ ಇಡ್ತಿದ್ದೀಯ’ ಎಂದು ಅವನು ಮಾಡುವುದನ್ನೇ ಹೇಳುತ್ತಾ ಕೂರಬೇಕು. ಇದಕ್ಕಾ ಫೀಸು ಕೊಟ್ಟಿದ್ದು ಅನ್ನಿಸುತ್ತದೆ, ಅಲ್ವಾ? ಮಾಡಿ ನೋಡಿ. ಎರಡು ನಿಮಿಷಕ್ಕೇ ‘ಹಾಗಲ್ಲ, ಹೀಗಿಡು’ ಎಂದು ಬಾಯಿಗೆ ಬಂದಿರುತ್ತದೆ.

ಇದು ಮೊದಲು ಬರುವುದಕ್ಕೆ ಕಾರಣವಿದೆ. ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಒರೆಗಾನ್‌ನಲ್ಲಿ ಮನೆಮನೆಗಳ ಜಗಳವನ್ನು ವರ್ಷಗಟ್ಟಲೆ ಗಮನಿಸಿ ಒಂದು ಸುಳಿಯನ್ನು ಗುರುತಿಸಿದರು. ಅಮ್ಮ ಒಂದು ಕೆಲಸ ಹೇಳುತ್ತಾಳೆ, ಮಗು ರಂಪ ಮಾಡುತ್ತದೆ, ಅಮ್ಮ ಸೋತು ಬಿಟ್ಟುಬಿಡುತ್ತಾಳೆ. ರಂಪ ಮಾಡಿದರೆ ಕೆಲಸ ತಪ್ಪುತ್ತದೆ ಎಂದು ಮಗು ಕಲಿಯಿತು. ಇನ್ನೊಂದು ದಿನ ಅಪ್ಪ ಕಿರುಚುತ್ತಾನೆ, ಮಗು ಮಾತು ಕೇಳುತ್ತದೆ. ಕಿರುಚಿದರೆ ಕೆಲಸ ಆಗುತ್ತದೆ ಎಂದು ಅಪ್ಪ ಕಲಿತ. ಇಬ್ಬರ ದನಿಯೂ ದಿನದಿನಕ್ಕೆ ಏರುತ್ತದೆ. ಯಾರೂ ಕೆಟ್ಟವರಲ್ಲ. ಹೀಗೆ ‘ಬೇಡ, ಬಿಡು, ಕೂತ್ಕೋ’ ಬಿಟ್ಟು ಬೇರೆ ಮಾತೇ ಉಳಿಯದ ಮನೆಯಲ್ಲಿ ನಿಮ್ಮ ಮೆಚ್ಚುಗೆಗೆ ಬೆಲೆ ಎಲ್ಲಿಂದ ಬರಬೇಕು? ಆ ಆಟ ಮೊದಲು ಅದನ್ನು ಸರಿಮಾಡುತ್ತದೆ.

ಆಮೇಲೆ ಕೆಲಸ ಹೇಳುವ ರೀತಿ. ‘ಬ್ಯಾಗ್ ಎತ್ತಿಡ್ತೀಯಾ ಪುಟ್ಟಾ?’ ಎಂದು ಕೇಳಿದರೆ ‘ಇಲ್ಲ’ ಎನ್ನುವುದೂ ಉತ್ತರವೇ. ಇನ್ನೊಂದು ರೂಮಿನಿಂದ ಕೂಗುವ ಬದಲು ಹತ್ತಿರ ಹೋಗಿ, ಹೆಸರು ಕರೆದು, ಒಂದೇ ಒಂದು ಕೆಲಸ ಹೇಳಿ ಕಾಯಿರಿ. ಮಾಡಿದರೆ ಆಗಲೇ, ಏನು ಮಾಡಿದ ಎಂದು ಹೆಸರಿಟ್ಟು ಹೊಗಳಿ. ಮಾಡಿದ ಕೆಲಸಕ್ಕೆ ಸ್ಟಾರ್ ಹಾಕುವ ಚಾರ್ಟ್ ಇಟ್ಟರೆ ಎರಡು ಮೂರು ವಿಷಯ ಸಾಕು. ಇವತ್ತಿನ ಸ್ಟಾರ್ ಇವತ್ತೇ ಕೊಡಿ. ಬಹುಮಾನ ಹಳತಾದರೆ ಬದಲಿಸಿ, ಈ ಮಕ್ಕಳಿಗೆ ಬೇಗ ಬೇಜಾರಾಗುತ್ತದೆ.

ಕೊಸರಾಟ, ಗೊಣಗಾಟಕ್ಕೆ ಗಮನ ಕೊಡಬೇಡಿ ಎಂದೂ ಹೇಳಿಕೊಡುತ್ತಾರೆ. ಇಲ್ಲಿ ಒಂದು ಎಚ್ಚರಿಕೆ. ಶುರುವಿನಲ್ಲಿ ಅದು ಇನ್ನೂ ಜಾಸ್ತಿಯಾಗುತ್ತದೆ. ಹತ್ತು ನಿಮಿಷ ತಡೆದು ಹನ್ನೊಂದನೇ ನಿಮಿಷಕ್ಕೆ ಸೋತರೆ, ಹನ್ನೊಂದು ನಿಮಿಷ ಅಳಬೇಕು ಎಂದು ನೀವೇ ಕಲಿಸಿದಂತಾಯಿತು. ಹೊಡೆಯುವುದು, ರಸ್ತೆಗೆ ಓಡುವುದು ಮಾತ್ರ ನೋಡಿಯೂ ನೋಡದಂತೆ ಇರುವ ವಿಷಯಗಳಲ್ಲ.

ಇದರಿಂದ ಎಡಿಎಚ್‌ಡಿ ವಾಸಿಯಾಗುತ್ತದಾ? ಇಲ್ಲ. ಹಟ, ಜಗಳ ಇಳಿಯುತ್ತವೆ, ನಿಮ್ಮ ಕೈ ಪಳಗುತ್ತದೆ. ಚಡಪಡಿಕೆ, ಮರೆವು ಅಷ್ಟಾಗಿ ಕಡಿಮೆಯಾಗುವುದಿಲ್ಲ. ಎಡಿಎಚ್‌ಡಿಯ ಚಿಕಿತ್ಸೆಗಳನ್ನು ಹೋಲಿಸಲು 579 ಮಕ್ಕಳನ್ನು 14 ತಿಂಗಳು ಗಮನಿಸಿದ ಎಂಟಿಎ ಎಂಬ ಅಧ್ಯಯನ 1999ರಲ್ಲಿ ಪ್ರಕಟವಾಯಿತು. 7ರಿಂದ 9 ವರ್ಷದ ಆ ಮಕ್ಕಳ ಮೂಲ ಲಕ್ಷಣಗಳಿಗೆ, ಬರೀ ಥೆರಪಿಗಿಂತ ಎಚ್ಚರಿಕೆಯಿಂದ ಕೊಟ್ಟ ಔಷಧಿಯೇ ಹೆಚ್ಚು ಕೆಲಸ ಮಾಡಿತು. ಎರಡೂ ಪಡೆದವರಿಗೆ ಔಷಧಿಯ ಡೋಸ್ ಕಡಿಮೆ ಸಾಕಾಯಿತು. ಹಾಗಾಗಿ ‘ಥೆರಪಿ ಮಾಡಿದರೆ ಮಾತ್ರೆಯೇ ಬೇಡ’ ಎಂದು ಮಾತು ಕೊಡುವವರನ್ನು ನಾನಂತೂ ನಂಬುವುದಿಲ್ಲ.

ಇನ್ನೊಂದು. ವಂಶದ ಮಾತು ಹೇಳಿದೆನಲ್ಲ, ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗೆ ಇದೇ ತೊಂದರೆ ಇರುವುದು ಅಪರೂಪವಲ್ಲ. ಚಾರ್ಟ್ ತುಂಬಿಸುವುದೇ ಮರೆತುಹೋಗುತ್ತಿದ್ದರೆ ನಾಚಿಕೊಳ್ಳದೆ ಹೇಳಿಬಿಡಿ. ಮೊದಲು ನಿಮಗೇ ಸಹಾಯ ಬೇಕಾಗಬಹುದು.

ಸಾಮಾನ್ಯವಾಗಿ 8ರಿಂದ 16 ಸೆಷನ್ ಇರುತ್ತದೆ. ಮಗನನ್ನು ಎದುರಿಗೆ ಕೂರಿಸಿ ನಿಮ್ಮ ಕೈಯಲ್ಲೇ ಮಾಡಿಸಿ, ನೋಡಿ, ತಿದ್ದುತ್ತಾರಾ ಎಂದು ಮುಂದಿನ ಸಲ ಕೇಳಿ. ಬರೀ ಸಲಹೆ ಹೇಳಿ ಕಳಿಸುವುದಾದರೆ ಬೇರೆ ಥೆರಪಿಸ್ಟ್ ಹುಡುಕುವುದು ಒಳ್ಳೆಯದು.