ಕ್ಯಾಪ್ಟಿವ್ ಅಂದ್ರೆ ಸೆರೆಯಾಳಲ್ಲ ಮಾರಾಯ್ರೆ

ಡೊಂಬಿವಲಿಯ ನಮ್ಮ ಕನ್ನಡ ವಾಟ್ಸಾಪ್ ಗ್ರೂಪಲ್ಲಿ ಮೊನ್ನೆ ಯಾರೋ ಒಡಿಶಾದ ನಾಲ್ಕೋ ಬಗ್ಗೆ (ನಾಲ್ಕೋ ಐದೋ ಅಂತ ಕೇಳ್ಬೇಡಿ, ಅಲ್ಯೂಮಿನಿಯಂ ತಯಾರಿಸೋ ಕಂಪನಿ ಹೆಸರೇ ಅದು) ಒಂದು ಸುದ್ದಿ ಹಾಕಿದ್ರು. ಅದರಲ್ಲಿ ಅಂಗುಲ್‌ನ 1,200 ಮೆಗಾವ್ಯಾಟ್ ಕಲ್ಲಿದ್ದಲು ಪ್ಲಾಂಟಿಗೆ "ಸೆರೆಯಾಳು ವಿದ್ಯುತ್ ಸ್ಥಾವರ" ಅಂತ ಬರೆದಿತ್ತು. "ಕ್ಯಾಪ್ಟಿವ್ ಪವರ್ ಪ್ಲಾಂಟ್" ಅನ್ನೋದರ ಮೆಷಿನ್ ಅನುವಾದ ಇರ್ಬೇಕು, ಹೋಗ್ಲಿ ಅಂತ ಬಿಟ್ಟೆ. ಅದರ ಕೆಳಗೆ ಒಬ್ರು ಸೀರಿಯಸ್ಸಾಗಿ, ಸಾಲ ಕಟ್ಟದೆ ಬ್ಯಾಂಕು ಜಪ್ತಿ ಮಾಡಿರೋ ಪ್ಲಾಂಟಾ ಇದು ಅಂತ ಕೇಳಿದ್ರು. ಇನ್ನು ಬಾಯಿ ಮುಚ್ಕೊಂಡು ಕೂರೋಕಾಗಲ್ಲ.

ಲ್ಯಾಟಿನ್ನಲ್ಲಿ ಕಾಪೆರೆ ಅಂದ್ರೆ ಹಿಡಿಯೋದು, ಕಾಪ್ಟಿವಸ್ ಅಂದ್ರೆ ಹಿಡಿದು ತಂದವನು, ಅಂದ್ರೆ ಯುದ್ಧದ ಸೆರೆಯಾಳು. ಕ್ಯಾಪ್ಚರ್ ಅದೇ ಮನೆತನದ್ದು, ಕ್ಯಾಚ್ ಮತ್ತು ಚೇಸ್ ಎರಡೂ ಹಳೇ ಫ್ರೆಂಚಿನ ದಾರೀಲಿ ಬಂದ ಅದರ ದಾಯಾದಿಗಳು, ಕ್ರಿಕೆಟ್ ನೋಡೋರಿಗೆ ಇದು ಬೋನಸ್. ಅಲ್ಲಿವರೆಗೆ ಅನುವಾದ ಮಾಡಿದವರದ್ದು ತಪ್ಪಿಲ್ಲ. ಆದ್ರೆ ನಮ್ಮ "ಹಿಡಿ"ನೇ ನೋಡಿ. ಕಳ್ಳನ್ನ ಹಿಡಿದ್ರು ಅನ್ನೋದೂ ಹಿಡಿಯೋದೇ, ಕರ್ಜತ್ ಲೋಕಲ್ಲಲ್ಲಿ ಸೀಟು ಹಿಡಿದಿದ್ದೀನಿ ಬಾ ಅನ್ನೋದೂ ಹಿಡಿಯೋದೇ. ಸೀಟಿಗೆ ಯಾರೂ ಬೇಡಿ ಹಾಕಿರಲ್ಲ, ಕರ್ಚೀಫ್ ಹಾಕಿರ್ತಾರೆ, ಇದು ನಮ್ಮದು, ಬೇರೆಯವ್ರಿಗಿಲ್ಲ ಅಂತ. ಕ್ಯಾಪ್ಟಿವ್ ಪವರ್ ಪ್ಲಾಂಟಲ್ಲಿರೋದು ಈ ಸೀಟಿನ ಹಿಡಿ, ಕಳ್ಳನ ಹಿಡಿ ಅಲ್ಲ. ಅಲ್ಲಿ ಹುಟ್ಟೋ ಕರೆಂಟಿಗೆ ಒಬ್ರು ಮೊದಲೇ ಕರ್ಚೀಫ್ ಹಾಕಿದಾರೆ, ಅಷ್ಟೆ. ಕನ್ನಡದಲ್ಲಿ "ಸ್ವಂತ ಬಳಕೆಯ ಸ್ಥಾವರ" ಅಂದ್ರೆ ಕೆಲಸ ಮುಗೀತು.

ಅಲ್ಯೂಮಿನಿಯಂನವ್ರೇ ಯಾಕೆ ಇಷ್ಟು ಹಠ ಹಿಡಿದು ಸ್ವಂತ ಪ್ಲಾಂಟ್ ಕಟ್ಟಿಸ್ತಾರೆ ಅಂದ್ರೆ, ಅವ್ರ ಸ್ಮೆಲ್ಟರಲ್ಲಿ (ಲೋಹ ತೆಗೆಯೋ ಕಾರ್ಖಾನೇಲಿ) ಅದಿರನ್ನ ಬರೀ ಬೆಂಕೀಲಿ ಕರಗಿಸೋದಲ್ಲ. 950 ಡಿಗ್ರಿ ಆಸುಪಾಸಲ್ಲಿ ಕಾದು ಕರಗಿರೋ ಕ್ರಯೋಲೈಟ್ ಅನ್ನೋ ಲವಣದ ದ್ರವದಲ್ಲಿ, ಅದಿರಿಂದ ತೆಗೆದ ಅಲ್ಯೂಮಿನಾ ಪುಡಿ ಕರಗಿಸಿ, ಅದರೊಳಗೆ ಕರೆಂಟ್ ಹರಿಸಿ ಲೋಹ ಬೇರೆ ಮಾಡ್ತಾರೆ. 1886ರಲ್ಲಿ ಅಮೆರಿಕದಲ್ಲಿ ಹಾಲ್, ಫ್ರಾನ್ಸಲ್ಲಿ ಎರೂ, ಒಬ್ಬರಿಗೊಬ್ಬರು ಗೊತ್ತಿಲ್ದೆ ಕಂಡುಹಿಡಿದ ದಾರಿನೇ ಇವತ್ತಿಗೂ. ಒಂದು ಕೇಜಿಗೆ ಸುಮಾರು 14 ಯೂನಿಟ್. ನಮ್ಮನೆ ಬಿಲ್ಲು ತಿಂಗಳಿಗೆ 200 ಯೂನಿಟ್, ಆ ಲೆಕ್ಕದಲ್ಲಿ ಒಂದು ಟನ್ ಲೋಹ ಅಂದ್ರೆ ನಮ್ಮನೆಯ ಹೆಚ್ಚುಕಮ್ಮಿ ಆರು ವರ್ಷದ ಕರೆಂಟು! ಇನ್ನು ಕರೆಂಟ್ ನಾಲ್ಕೈದು ಗಂಟೆ ಹೋದ್ರೆ ಸಾಲಾಗಿ ನಿಂತಿರೋ ಪಾಟ್‌ಗಳಲ್ಲಿ (ಆ ದ್ರವ ಇರೋ ತೊಟ್ಟಿಗಳಲ್ಲಿ) ಎಲ್ಲಾ ಗಟ್ಟಿಯಾಗಿ ಕೂತ್ಕೊಳುತ್ತೆ, ಆಮೇಲೆ ಅದನ್ನ ಒಡೆದು ತೆಗೀಬೇಕು.

ಹಾಗಾಗಿ ಕ್ಯಾಪ್ಟಿವ್ ಅಂದ್ರೆ ಬ್ಯಾಕಪ್ ಅಂತ ಹೇಳೋರನ್ನ ಕಂಡ್ರೆ ನಂಗೆ ಇನ್ನೂ ಸಿಟ್ಟು. ಅಲ್ಲಿ ಸ್ವಂತ ಪ್ಲಾಂಟೇ ದಿನದ ಊಟ, ಗ್ರಿಡ್ಡು ಕಷ್ಟಕಾಲದ ನೆಂಟ. ಪಕ್ಕದಲ್ಲೇ ಇರ್ಬೇಕು ಅನ್ನೋದೂ ಸುಳ್ಳು, ಉತ್ತರ ಪ್ರದೇಶದ ರೇಣುಕೂಟದ ಅಲ್ಯೂಮಿನಿಯಂ ಸ್ಮೆಲ್ಟರಿಗೆ ಕರೆಂಟ್ ಬರೋದು ರೇಣುಸಾಗರದಿಂದ, ಅದು ಬೇರೆ ಊರು. 2020ರ ಅಕ್ಟೋಬರ್ 12ಕ್ಕೆ ಮುಂಬೈ ಪೂರ್ತಿ ಕತ್ತಲಾದಾಗ, ಟ್ರಾಂಬೆ ಪವರ್ ಪ್ಲಾಂಟ್ ಮುಂಬೈದೇ ಕ್ಯಾಪ್ಟಿವ್ ಅಲ್ವಾ, ಮತ್ಯಾಕೆ ಹೋಯ್ತು ಅಂತ ಆಫೀಸಲ್ಲಿ ಒಬ್ರು ಕೇಳಿದ್ರು. ಅಲ್ಲ. ಅದು ಊರಿಗೆಲ್ಲಾ ಮಾರೋ ಪ್ಲಾಂಟು, ಊರೊಳಗಿದ್ದ ಮಾತ್ರಕ್ಕೆ ಕ್ಯಾಪ್ಟಿವ್ ಆಗಲ್ಲ.

ಕಾನೂನು ಲೆಕ್ಕ ಇನ್ನೂ ಸರಳ. 2005ರ ನಿಯಮದ ಪ್ರಕಾರ ಬಳಸೋರ ಕೈಲಿ ಕನಿಷ್ಠ 26% ಒಡೆತನ ಇರ್ಬೇಕು, ವರ್ಷದ ಉತ್ಪಾದನೇಲಿ ಕನಿಷ್ಠ 51% ಅವ್ರೇ ಬಳಸ್ಬೇಕು. ಮಾಟುಂಗಾದ ಹೋಟೆಲಿನವ್ರು ಸ್ವಂತ ಗ್ರೈಂಡರ್ ಇಟ್ಟು ರುಬ್ಬಿದ ಹಿಟ್ಟಲ್ಲಿ ಅರ್ಧಕ್ಕಿಂತ ಜಾಸ್ತಿ ತಮ್ಮ ಇಡ್ಲಿಗೇ ಹಾಕಿ ಮಿಕ್ಕಿದ್ದನ್ನ ಮಾರಿದ ಹಾಗೆ. ಈ ಲೆಕ್ಕ ತಪ್ಪಿದ್ರೆ ಸರ್ಚಾರ್ಜ್ (ಕರೆಂಟಿನ ಮೇಲಿನ ಹೆಚ್ಚುವರಿ ಶುಲ್ಕ) ವಿನಾಯಿತಿ ಹೋಗುತ್ತೆ, ಕಂಪನಿಗಳು ಆ ಪದ ಬಿಡದೆ ಇರೋದು ಅದಕ್ಕೇ.

ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಆಂಗಲ್‌ಸೀ ಅಂತ ಒಂದು ಪ್ಲಾಂಟಿತ್ತು, 1969ರದ್ದು, 150 ಮೆಗಾವ್ಯಾಟು, ಕಂದು ಕಲ್ಲಿದ್ದಲು. 30 ಕಿಲೋಮೀಟರಿಗೂ ಆಚೆ ಇದ್ದ ಪಾಯಿಂಟ್ ಹೆನ್ರಿ ಸ್ಮೆಲ್ಟರಿಗೋಸ್ಕರ ಕಟ್ಟಿದ್ದು. 2014ರಲ್ಲಿ ಸ್ಮೆಲ್ಟರ್ ಮುಚ್ತು, ಪ್ಲಾಂಟು ಇನ್ನೊಂದು ವರ್ಷ ಗ್ರಿಡ್ಡಿಗೆ ಕರೆಂಟ್ ಮಾರ್ಕೊಂಡು 2015ರಲ್ಲಿ ನಿಂತು ಹೋಯ್ತು. ಆ ಕೊನೇ ವರ್ಷ ಅದೇ ಬಾಯ್ಲರು, ಅದೇ ಟರ್ಬೈನು, ಆದ್ರೆ ಕ್ಯಾಪ್ಟಿವ್ ಅಲ್ಲ. ಕರ್ಚೀಫ್ ಹಾಕಿದವ್ರು ಇಳಿದು ಹೋಗಿದ್ರಲ್ಲ.

ಇನ್ನು ನಮ್ಮ ಹೌಸಿಂಗ್ ಸೊಸೈಟಿ (ಫ್ಲ್ಯಾಟಿನವ್ರ ಸಹಕಾರ ಸಂಘ) ಸೆಕ್ರೆಟರಿ ಸಾಹೇಬ್ರು. ಗೇಟ್ ಹತ್ರ ಹೊಗೆ ಕಾರೋ ಡೀಸೆಲ್ ಜನರೇಟರಿಗೆ ಪ್ರತಿ ಮೀಟಿಂಗಲ್ಲೂ "ನಮ್ಮ ಕ್ಯಾಪ್ಟಿವ್ ಪವರ್ ಪ್ಲಾಂಟ್" ಅಂತಾರೆ, ಲಿಫ್ಟು ನಾಲ್ಕು-ಐದನೇ ಮಹಡಿ ನಡುವೆ ನಿಂತ್ಕೊಂಡಾಗ್ಲೂ ಅದೇ ಮಾತು. ಎದ್ದು ನಿಂತು ತಿದ್ದೋಣ ಅಂತ 2003ರ ವಿದ್ಯುತ್ ಕಾಯ್ದೆ ತೆಗೆದು ನೋಡಿದ್ರೆ, ಸಹಕಾರ ಸಂಘ ತನ್ನ ಸದಸ್ಯರ ಬಳಕೆಗೇ ಅಂತ ಹಾಕೋ ಪ್ಲಾಂಟೂ ಕ್ಯಾಪ್ಟಿವ್ ಅಂತೆ. ಅವ್ರಿಗೆ ಇನ್ನೂ ಹೇಳಿಲ್ಲ, ಹೇಳೋದೂ ಇಲ್ಲ.